ಅಷ್ಟು ದೊಡ್ಡ ಮಾಂತ್ರಿಕ ಮೇಕೆ ಕಾಯುವುದನ್ನು ನೋಡಲು ನಾಲ್ಕನೇ ಪುಸ್ತಕ ಓದಬೇಕಿತ್ತಾ?

ಪ್ರಶ್ನೆ: ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿಯ ಮೊದಲ ಮೂರು ಕಾದಂಬರಿಗಳನ್ನು ಒಂದೇ ವಾರದಲ್ಲಿ ಓದಿದೆ. ರಾತ್ರಿ ಎರಡು ಗಂಟೆಯವರೆಗೂ ಪುಸ್ತಕ ಕೆಳಗಿಡಲು ಆಗಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ನಾಲ್ಕನೆಯ ‘ತೆಹಾನು’ ಹಿಡಿದೆ. ತುಂಬಾ ಬೇಜಾರಾಯಿತು. ಡ್ರ್ಯಾಗನ್‌ಗಳ ಜೊತೆ ಮಾತಾಡಿದ, ಸಾವಿನ ನಾಡಿಗೆ ಹೋಗಿ ಬಂದ ಗೆಡ್ ಇಲ್ಲಿ ಶಕ್ತಿ ಕಳೆದುಕೊಂಡು ಮೇಕೆ ಕಾಯುತ್ತಾನೆ. ಪುಸ್ತಕದ ತುಂಬಾ ಅಡುಗೆ, ಪಾತ್ರೆ, ಹೊಲದ ಕೆಲಸ. ಯುದ್ಧವಿಲ್ಲ, ಪ್ರಯಾಣವಿಲ್ಲ. ಲೇಖಕಿ ನನಗೆ ಮೋಸ ಮಾಡಿದರು ಅನ್ನಿಸಿತು. ನಾನು ತಪ್ಪಾಗಿ ಓದಿದೆನಾ? ಉಳಿದ ಎರಡು ಪುಸ್ತಕ ಓದಬೇಕಾ, ಇಲ್ಲಿಗೇ ನಿಲ್ಲಿಸಲಾ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲು ಚಿಕ್ಕದಾಗಿ ಉತ್ತರಿಸುತ್ತೇನೆ. ನೀವು ತಪ್ಪಾಗಿ ಓದಿಲ್ಲ. ಸರಣಿಯನ್ನು ಇಲ್ಲಿಗೇ ಬಿಡಬೇಡಿ, ಆದರೆ ನಾಳೆಯೇ ಐದನೆಯದನ್ನು ಹಿಡಿಯಲೂ ಬೇಡಿ. ನಿಮಗಾದ ಬೇಜಾರು ಸುಮ್ನೆ ಆದದ್ದಲ್ಲ. ಅದು ಆ ಪುಸ್ತಕದ ಒಳಗೇ ಇರುವ ಬೇಜಾರು. ಅದನ್ನು ಬಿಡಿಸಿ ಹೇಳಲು ಸ್ವಲ್ಪ ಜಾಗ ಬೇಕು. ಸರಣಿ ಇನ್ನೂ ಓದದವರಿಗೆ ಒಂದು ಮಾತು: ಮುಂದೆ ಮೊದಲ ನಾಲ್ಕು ಪುಸ್ತಕಗಳ ಕಥೆಯ ಗುಟ್ಟುಗಳೆಲ್ಲ ಬರುತ್ತವೆ.

ನೀವು ಒಂದು ವಾರದಲ್ಲಿ ಓದಿದ ಮೂರು ಪುಸ್ತಕಗಳು ಬಂದದ್ದು 1968, 1971 ಮತ್ತು 1972ರಲ್ಲಿ. ‘ತೆಹಾನು’ ಬಂದದ್ದು 1990ರಲ್ಲಿ. ನಡುವೆ ಹದಿನೆಂಟು ವರ್ಷ. ನಿಮಗೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಂದು ರಾತ್ರಿಯ ಅಂತರ. ಬರೆದವರಿಗೆ ಅರ್ಧ ಆಯುಷ್ಯದ ಅಂತರ. ನಲವತ್ತರ ಆಚೀಚೆ ಇದ್ದ ಲೆ ಗ್ವಿನ್ ಅರವತ್ತು ದಾಟಿದ್ದರು. ಗೆಡ್‌ನ ಕಥೆಯಲ್ಲಿ ಮಾತ್ರ ಒಂದು ದಿನವೂ ಕಳೆದಿರಲಿಲ್ಲ. ಈ ವಿಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೂರನೇ ಪುಸ್ತಕದ ಕೊನೆಯಲ್ಲಿ ಹಾರಿದ ಡ್ರ್ಯಾಗನ್ ಕೆಳಗಿಳಿಯುವುದು ನಾಲ್ಕನೇ ಪುಸ್ತಕದಲ್ಲಿ. ಅದು ಗಾಳಿಯಲ್ಲಿ ಹದಿನೆಂಟು ವರ್ಷ ಇತ್ತು!

ಮೊದಲ ಪುಸ್ತಕಗಳು ನಿಮಗೆ ಏನು ಕೊಟ್ಟವು ಅಂತ ನೆನಪಿಸಿಕೊಳ್ಳಿ. ಗಾಂಟ್ ದ್ವೀಪದ ಒಬ್ಬ ಮೇಕೆ ಕಾಯುವ ಹುಡುಗ. ಹಳ್ಳಿಯ ಮೇಲೆ ದಾಳಿ ಮಾಡಲು ಬಂದವರನ್ನು ಮಂಜು ಕವಿಸಿ ದಾರಿ ತಪ್ಪಿಸುತ್ತಾನೆ. ಓಗಿಯನ್ ಎಂಬ ಮೌನಿ ಗುರು ಅವನಿಗೆ ಗೆಡ್ ಅನ್ನುವ ನಿಜನಾಮ ಕೊಡುತ್ತಾನೆ. ರೋಕ್ ದ್ವೀಪದ ಶಾಲೆಗೆ ಹೋಗುತ್ತಾನೆ, ಗರ್ವದಿಂದ ಒಂದು ನೆರಳನ್ನು ಬಿಡುಗಡೆ ಮಾಡಿಬಿಡುತ್ತಾನೆ, ಅದರಿಂದ ಓಡುತ್ತಾನೆ, ಕೊನೆಗೆ ತಿರುಗಿ ನಿಂತು ಅದನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ. ಎರಡನೆಯದರಲ್ಲಿ ಭೂಮಿಯಡಿಯ ಕತ್ತಲಿನಿಂದ ಟೆನಾರ್ ಎಂಬ ಹುಡುಗಿಯ ಜೊತೆ ಹೊರಬರುತ್ತಾನೆ. ಮೂರನೆಯದರಲ್ಲಿ ಲೋಕದ ಮಾಂತ್ರಿಕರಿಗೆಲ್ಲ ಹಿರಿಯ. ಆರೆನ್ ಎಂಬ ರಾಜಕುಮಾರನ ಜೊತೆ ಸತ್ತವರ ನಾಡಿಗೆ ಇಳಿದು, ಲೋಕದ ಜೀವ ಸೋರಿ ಹೋಗುತ್ತಿದ್ದ ಬಿರುಕನ್ನು ಮುಚ್ಚುತ್ತಾನೆ. ಮೂರರಲ್ಲೂ ಒಂದೇ ಲಯ: ಹೋಗುವುದು, ಎದುರಿಸುವುದು, ಗೆಲ್ಲುವುದು. ನಾಲ್ಕನೆಯದನ್ನು ತೆರೆಯುವಾಗ ಅದೇ ಲಯಕ್ಕೆ ನಿಮ್ಮ ಮೈ ಸಿದ್ಧವಾಗಿತ್ತು. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸರಣಿ ಓದುವ ಸುಖವೇ ಅದು ಅಲ್ವಾ?

ಈಗ ನಾಲ್ಕನೆಯದರ ಮೊದಲ ವಾಕ್ಯ ನೋಡಿ. ಒಬ್ಬ ರೈತ ತೀರಿಕೊಂಡ ಮೇಲೆ ಅವನ ಹೆಂಡತಿ ಅದೇ ಮನೆಯಲ್ಲಿ ಉಳಿದಳು ಅನ್ನುವ ಅರ್ಥದ ಸಾದಾ ಮಾತಿನಿಂದ ಕಥೆ ಶುರುವಾಗುತ್ತದೆ. ಆ ವಿಧವೆಯೇ ಟೆನಾರ್. ಎರಡನೇ ಪುಸ್ತಕದ ಕೊನೆಯಲ್ಲಿ ಹ್ಯಾವ್‌ನರ್ ಪಟ್ಟಣದ ಬಿಳಿ ಬೀದಿಗಳಲ್ಲಿ ಗೆಡ್‌ನ ಕೈ ಹಿಡಿದು ನಡೆದ ಅದೇ ಹುಡುಗಿ! ಓಗಿಯನ್ ಅವಳಿಗೆ ಮಾಂತ್ರಿಕ ವಿದ್ಯೆ ಕಲಿಸಲು ತಯಾರಿದ್ದ. ಅವಳು ಅದನ್ನು ಬಿಟ್ಟು ಒಬ್ಬ ರೈತನನ್ನು ಮದುವೆಯಾದಳು, ಇಬ್ಬರು ಮಕ್ಕಳನ್ನು ಬೆಳೆಸಿದಳು. ಬಹಳಷ್ಟು ಓದುಗರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ, ಗೆಡ್ ಬರುವುದಕ್ಕೂ ಮುಂಚೆ.

ಆಮೇಲೆ ಒಂದು ಮಗು ಬರುತ್ತದೆ. ದೊಡ್ಡವರೇ ಹೊಡೆದು, ಬೆಂಕಿಗೆ ನೂಕಿ, ಸತ್ತಿತೆಂದು ಬಿಟ್ಟುಹೋದ ಮಗು. ಮುಖದ ಒಂದು ಪಕ್ಕ ಸುಟ್ಟಿದೆ, ಒಂದು ಕಣ್ಣಿಲ್ಲ, ಒಂದು ಕೈ ಸೆಟೆದು ಹಕ್ಕಿಯ ಪಂಜದಂತಾಗಿದೆ. ಟೆನಾರ್ ಅದನ್ನು ಸಾಕಿಕೊಳ್ಳುತ್ತಾಳೆ, ಥೆರು ಅಂತ ಕರೆಯುತ್ತಾಳೆ. ಓಗಿಯನ್ ಸಾಯುತ್ತಾನೆ. ಅದಾದ ಮೇಲೆ ಡ್ರ್ಯಾಗನ್ ಬರುತ್ತದೆ, ಬೆನ್ನ ಮೇಲೆ ಗೆಡ್‌ನನ್ನು ಹೊತ್ತು.

ಈ ಇಳಿಯುವ ದೃಶ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮೂರನೇ ಪುಸ್ತಕದಲ್ಲಿ ಗೆಡ್ ಡ್ರ್ಯಾಗನ್ ಏರಿ ರೋಕ್‌ನಿಂದ ಹೊರಟಾಗ ನಾವು ಅವನನ್ನು ನೋಡಿದ್ದು ಕೆಳಗಿನಿಂದ, ನೆಲದ ಮೇಲೆ ನಿಂತ ಜನರ ಕಣ್ಣಿನಿಂದ. ಅವನು ದಂತಕಥೆಯಾಗಿ ಆಕಾಶದಲ್ಲಿ ಮರೆಯಾದ. ನಾಲ್ಕನೆಯದರಲ್ಲಿ ಅದೇ ಪ್ರಯಾಣದ ಇನ್ನೊಂದು ತುದಿ ಇದೆ. ಕಡಲಿನ ಮೇಲಿನ ಬಂಡೆಯ ಅಂಚಿನಲ್ಲಿ ಒಬ್ಬಳು ಹೆಂಗಸು ಒಂಟಿಯಾಗಿ ನಿಂತಿದ್ದಾಳೆ. ಡ್ರ್ಯಾಗನ್ ಎದುರಿಗೇ ಇಳಿಯುತ್ತದೆ. ಮೇಲಿರುವ ಮನುಷ್ಯನಿಗೆ ತಾನಾಗಿ ಇಳಿಯುವ ತ್ರಾಣವೂ ಇಲ್ಲ. ಅವಳೇ ಡ್ರ್ಯಾಗನ್‌ನ ಮೈಮೇಲೆ ಹತ್ತಿ ಅವನನ್ನು ಇಳಿಸಿಕೊಳ್ಳಬೇಕು. ಆಮೇಲೆ ಅವನನ್ನು ಮನೆಯೊಳಗೆ ಮಲಗಿಸಬೇಕು, ಬಾಯಿಗೆ ಏನಾದರೂ ಹಾಕಬೇಕು, ದಿನಗಟ್ಟಲೆ ಕಾಯಬೇಕು. ದಂತಕಥೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಯಾರೋ ಒಬ್ಬರ ಮನೆಗೆಲಸ ಶುರುವಾಗುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಕಾದಂಬರಿ ಈ ಒಂದು ದೃಶ್ಯದಲ್ಲಿದೆ.

“ಮೋಸ” ಅನ್ನುವ ಮಾತಿಗೆ ಬರುತ್ತೇನೆ. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸರಣಿಯ ಓದುಗ ಲೇಖಕರನ್ನು ನಂಬಿ ಮುಂದೆ ಹೋಗುತ್ತಾನೆ. ಆ ನಂಬಿಕೆ ಕೆಟ್ಟಿತಾ ಅಂತ ನೋಡಲು ಒಂದೇ ದಾರಿ: ಹೊಸ ಪುಸ್ತಕದಲ್ಲಿ ಬಂದದ್ದರ ಬೇರು ಹಳೆಯ ಪುಸ್ತಕಗಳಲ್ಲಿ ಇತ್ತಾ ಅಂತ ಹುಡುಕುವುದು. ಹುಡುಕೋಣ.

1968ರ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲೇ ಗಾಂಟ್ ದ್ವೀಪದ ಎರಡು ಗಾದೆ ಬರುತ್ತವೆ. ಹೆಂಗಸರ ಮಾಟ ದುರ್ಬಲ ಅಂತ ಒಂದು, ಹೆಂಗಸರ ಮಾಟ ಕೇಡಿನದು ಅಂತ ಇನ್ನೊಂದು. ನೀವು ಅದನ್ನು ಓದಿ ದಾಟಿಹೋಗಿರುತ್ತೀರಿ. ನಾನೂ ದಾಟಿಹೋಗಿದ್ದೆ. ಬರೆದವರೇ ಆಗ ದಾಟಿಹೋಗಿದ್ದರು. ರೋಕ್ ಶಾಲೆಗೆ ಹುಡುಗರಿಗೆ ಮಾತ್ರ ಪ್ರವೇಶ. ಮಾಂತ್ರಿಕರು ಬ್ರಹ್ಮಚಾರಿಗಳು. ಗೆಡ್‌ಗೆ ಮೊದಲ ಮಂತ್ರ ಹೇಳಿಕೊಟ್ಟದ್ದು ಅವನ ಚಿಕ್ಕಮ್ಮ, ಹಳ್ಳಿಯ ಮಾಟಗಾತಿ. ಆಮೇಲೆ ಅವಳ ಸುದ್ದಿಯೇ ಇಲ್ಲ. ಮೂರು ಪುಸ್ತಕಗಳ ಉದ್ದಕ್ಕೂ ಈ ಲೋಕದಲ್ಲಿ ಯಾರು ಅಡುಗೆ ಮಾಡುತ್ತಾರೆ, ಗಾಯಕ್ಕೆ ಯಾರು ಬಟ್ಟೆ ಕಟ್ಟುತ್ತಾರೆ ಅಂತ ನಾವು ಕೇಳಿರಲಿಲ್ಲ. ಹದಿನೆಂಟು ವರ್ಷ ಬಿಟ್ಟು ಲೆ ಗ್ವಿನ್ ತಮ್ಮದೇ ಗಾದೆಯ ಹತ್ತಿರ ವಾಪಸ್ ಬಂದು, ಇದನ್ನು ಹೇಳಿದ್ದು ಯಾರು, ಕೇಳಿಸಿಕೊಂಡ ಹೆಂಗಸಿಗೆ ಹೇಗಿತ್ತು ಅಂತ ಕೇಳಿದರು. ಮಾಸ್ ಎಂಬ ಕೊಳಕು ಬಟ್ಟೆಯ ಹಳ್ಳಿಯ ಮಾಟಗಾತಿಗೆ ಈ ಪುಸ್ತಕದಲ್ಲಿ ಎಷ್ಟು ಮಾತಿದೆ ನೋಡಿ. ಮೊದಲ ಪುಸ್ತಕದಲ್ಲಾಗಿದ್ದರೆ ಅವಳಿಗೆ ಅರ್ಧ ಪುಟ ಸಿಗುತ್ತಿತ್ತು.

ಮೂರನೇ ಪುಸ್ತಕದಲ್ಲೂ ಸುಳಿವಿದೆ. ಗೆಡ್ ತನ್ನ ಶಕ್ತಿಯನ್ನೆಲ್ಲ ಆ ಬಿರುಕು ಮುಚ್ಚಲು ಸುರಿದುಬಿಟ್ಟ ಅಂತ ಅಲ್ಲೇ ಸ್ಪಷ್ಟವಾಗಿ ಹೇಳಿದೆ. ಆ ನಾಡಿನಿಂದ ಅವನನ್ನು ಹೊರಗೆ ತಂದದ್ದು ಆರೆನ್. ಅವನ ಕೆಲಸ ಮುಗಿಯಿತು, ಮನೆಗೆ ಹೊರಟಿದ್ದಾನೆ ಅಂತ ರೋಕ್‌ನ ಬಾಗಿಲು ಕಾಯುವವನು ಹೇಳುತ್ತಾನೆ. ಕೊನೆಯಲ್ಲಿ ಎರಡು ಕಥೆಗಳಿವೆ: ಹಾಡಿನ ಪ್ರಕಾರ ಗೆಡ್, ರಾಜನಾದ ಆರೆನ್‌ನ ಪಟ್ಟಾಭಿಷೇಕಕ್ಕೆ ಬಂದು, ಆಮೇಲೆ ಒಬ್ಬನೇ ದೋಣಿಯಲ್ಲಿ ಪಶ್ಚಿಮಕ್ಕೆ ಹೊರಟುಹೋದ. ಗಾಂಟ್‌ನವರ ಪ್ರಕಾರ ರಾಜನೇ ಅವನನ್ನು ಹುಡುಕಿಕೊಂಡು ಬಂದ, ಅವನು ಸಿಗಲಿಲ್ಲ. ನಿಮಗೆ, ನನಗೆ, ಎಲ್ಲರಿಗೂ ಹಾಡಿನ ಕಥೆಯೇ ಇಷ್ಟ. ನಾಲ್ಕನೇ ಪುಸ್ತಕ ಗಾಂಟ್‌ನವರ ಕಥೆಯ ಕಡೆ ಹೋಯಿತು. ಬೇರು ಇತ್ತು. ಆದ್ದರಿಂದ ನಾನು ಇದನ್ನು ಮೋಸ ಅನ್ನುವುದಿಲ್ಲ.

ಆದರೆ ಬೇಜಾರು? ಅದು ಹಾಗೇ ಇದೆ. ಅದರ ಬಗ್ಗೆ ನನ್ನ ಅನುಭವವನ್ನೇ ಹೇಳಬೇಕು.

ನಾನು ‘ತೆಹಾನು’ ಮೊದಲು ಓದಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತ್ತು. ಅರ್ಧಕ್ಕೆ ಬಿಟ್ಟೆ. ನನ್ನ ಸಿಟ್ಟೂ ನಿಮ್ಮದೇ ಸಿಟ್ಟು. ರಾಜನ ಕಡೆಯವರು ಹುಡುಕಿಕೊಂಡು ಬಂದಾಗ ಗೆಡ್ ಅವರ ಮುಖ ನೋಡಲು ಧೈರ್ಯವಿಲ್ಲದೆ ಬೆಟ್ಟಕ್ಕೆ ಓಡಿಹೋಗುತ್ತಾನಲ್ಲ, ಆ ಭಾಗದಲ್ಲಿ ಪುಸ್ತಕ ಮುಚ್ಚಿದೆ. ನನ್ನ ಗೆಡ್ ಹೀಗೆ ಮಾಡುವವನಲ್ಲ ಅಂದುಕೊಂಡೆ.

ನಮ್ಮಪ್ಪ ಬಸ್ ಡ್ರೈವರ್ ಆಗಿದ್ದರು. ಮೂವತ್ತು ವರ್ಷ ಘಾಟಿ ರಸ್ತೆಯಲ್ಲೇ ಓಡಿಸಿದವರು. ಕತ್ತಲಲ್ಲಿ, ಮಳೆಯಲ್ಲಿ ಕೂಡ ತಿರುವು ಎಲ್ಲಿ ಬರುತ್ತದೆ ಅಂತ ಅವರ ಕೈಗೇ ಗೊತ್ತಿತ್ತು. ಊರಲ್ಲಿ ಅವರನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಬಸ್ಸಿನ ಹೆಸರೇ ಅವರ ಹೆಸರು. ಐವತ್ತೆಂಟಕ್ಕೆ ಲಕ್ವ ಹೊಡೆಯಿತು. ಬಲಗೈ ನಿಲ್ಲದಾಯಿತು. ಒಂದು ಭಾನುವಾರ ಡಿಪೋದ ಹಳೆಯ ಗೆಳೆಯರು ನಾಲ್ಕು ಜನ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಅಪ್ಪ ಅವರ ದನಿ ಕೇಳಿಸಿಕೊಂಡದ್ದೇ ಹಿತ್ತಲಿಗೆ ಹೋಗಿ ಸೌದೆ ಕೊಟ್ಟಿಗೆಯ ಹಿಂದೆ ಕೂತರು. ನಾನು ಕರೆಯಲು ಹೋದೆ. “ಮಲಗಿದಾರೆ ಅಂತ ಹೇಳು” ಅಂದರು. ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಅಮ್ಮ ಒಳಗೆ ಬಂದವರಿಗೆ ಕಾಫಿ ಕೊಟ್ಟರು, ಮಾತಾಡಿಸಿದರು, ಕಳಿಸಿದರು. ಆಮೇಲೆ ಹಿತ್ತಲಿಗೆ ಒಂದು ಲೋಟ ಕಾಫಿ ತೆಗೆದುಕೊಂಡು ಹೋಗಿ, ಏನೂ ಮಾತಾಡದೆ ಅಪ್ಪನ ಪಕ್ಕದಲ್ಲಿ ಇಟ್ಟು ಬಂದರು.

ಅದಾದ ಎರಡು ಮೂರು ತಿಂಗಳಿಗೆ ‘ತೆಹಾನು’ ಮತ್ತೆ ತೆಗೆದೆ. ಗೆಡ್ ಬೆಟ್ಟಕ್ಕೆ ಓಡುವ ಜಾಗಕ್ಕೆ ಬಂದಾಗ ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಯಿತು.

ಗೆಡ್‌ನ ನಾಚಿಕೆಯ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ. ತನ್ನ ಬಗ್ಗೆ ಅವನಿಗೇ ಬೇಜಾರಾಗಿದೆ. ಮೊದಲ ಮೂರು ಪುಸ್ತಕಗಳ ಗೆಡ್ ಎಲ್ಲಿ ಅಂತ ನೀವು ಹುಡುಕುತ್ತಿದ್ದೀರಲ್ಲ, ಅವನೂ ಅದನ್ನೇ ಹುಡುಕುತ್ತಿದ್ದಾನೆ. ಶಕ್ತಿಯಿಲ್ಲದ ನಾನು ಯಾರು, ನನ್ನನ್ನು ನೋಡಿ ಯಾರಿಗೆ ಏನು ಪ್ರಯೋಜನ, ಇದು ಅವನ ಪ್ರಶ್ನೆ. ಅಷ್ಟು ವರ್ಷ ಮಾಂತ್ರಿಕನಾಗಿ ಬಿಟ್ಟರೆ ಬೇರೆ ಯಾವ ರೀತಿಯಲ್ಲೂ ಅವನು ಬದುಕಿಯೇ ಇಲ್ಲ. ಐವತ್ತರ ಹೊತ್ತಿಗೆ ಹೊಸದಾಗಿ ಮನುಷ್ಯನಾಗುವುದನ್ನು ಕಲಿಯಬೇಕು. ಓದುಗನಿಗೂ ಗೆಡ್‌ಗೂ ಒಂದೇ ನಷ್ಟ, ಒಂದೇ ಹೊತ್ತಿನಲ್ಲಿ. ಇಂಥ ಧೈರ್ಯ ಮಾಡಿದ ಸರಣಿಗಳು ನನಗೆ ಜಾಸ್ತಿ ಗೊತ್ತಿಲ್ಲ. ಜನಪ್ರಿಯ ನಾಯಕನ ಶಕ್ತಿ ಹೋದರೆ ಕೊನೆಯ ಅಧ್ಯಾಯದಲ್ಲಿ ವಾಪಸ್ ಬರುತ್ತದೆ, ಅದು ರೂಢಿ. ಇಲ್ಲಿ ಬರುವುದೇ ಇಲ್ಲ.

ನಮಗೆ ಇದು ಪೂರ್ತಿ ಹೊಸದೂ ಅಲ್ಲ. ಮಹಾಭಾರತದ ಮೌಸಲ ಪರ್ವದಲ್ಲಿ ಕೃಷ್ಣ ಹೋದ ಮೇಲೆ ಅರ್ಜುನ ದ್ವಾರಕೆಯ ಹೆಂಗಸರನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ದೊಣ್ಣೆ ಹಿಡಿದ ಕಳ್ಳರು ಬೀಳುತ್ತಾರೆ. ಗಾಂಡೀವಕ್ಕೆ ಹೆದೆ ಏರಿಸುವುದೇ ಕಷ್ಟವಾಗುತ್ತದೆ, ಅಸ್ತ್ರಗಳ ಮಂತ್ರ ನೆನಪಿಗೆ ಬರುವುದಿಲ್ಲ, ಬಾಣ ಖಾಲಿಯಾಗುತ್ತವೆ. ಆದರೆ ನಮ್ಮಲ್ಲಿ ಎಷ್ಟು ಜನ ಈ ಭಾಗ ಓದುತ್ತಾರೆ? ಕುಮಾರವ್ಯಾಸ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ, ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಗದುಗಿನ ಭಾರತದ ಪದ್ಯ ಬಾಯಿಪಾಠ ಇರುವವರು ನಿಮಗೆ ಹಳ್ಳಿಯಲ್ಲೂ ಸಿಗುತ್ತಾರೆ. ತಿಮ್ಮಣ್ಣನ ಪದ್ಯ ಹೇಳುವವರು ನನಗೆ ಇದುವರೆಗೂ ಸಿಕ್ಕಿಲ್ಲ. ಯುದ್ಧದವರೆಗೆ ನಾವೆಲ್ಲ ಕೂತು ಕೇಳುತ್ತೇವೆ. ಯುದ್ಧ ಮುಗಿದ ಮೇಲಿನ ಮನೆ, ಅಳು, ಮುಪ್ಪು ಬಂದಾಗ ಎದ್ದುಬಿಡುತ್ತೇವೆ.

ಅರ್ಜುನನ ಕಥೆಗೂ ಗೆಡ್‌ನ ಕಥೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮಗುವನ್ನು ಸುಟ್ಟ ಗುಂಪಿನವರು ಒಂದು ರಾತ್ರಿ ಟೆನಾರ್‌ನ ಮನೆಗೆ ಬರುತ್ತಾರೆ. ಅವಳ ಕೈಯಲ್ಲಿ ಅಡುಗೆಮನೆಯ ಚಾಕು. ಅದೇ ಹೊತ್ತಿಗೆ ಬೆಟ್ಟದಿಂದ ಇಳಿದು ಬಂದ ಗೆಡ್‌ನ ಕೈಯಲ್ಲಿ ಹುಲ್ಲು ಎತ್ತುವ ಕವೆಗೋಲು. ಮಂತ್ರವಿಲ್ಲ, ದಂಡವಿಲ್ಲ. ಅವನು ಆ ಕೋಲಿನಿಂದಲೇ ಒಬ್ಬನನ್ನು ತಿವಿಯುತ್ತಾನೆ, ಉಳಿದವರು ಓಡುತ್ತಾರೆ. ಯುದ್ಧವಿಲ್ಲ ಅಂತ ಬರೆದಿದ್ದೀರಿ. ಇದೆ. ಆದರೆ ಅದು ಅಂಗಳದಲ್ಲಿ, ಕತ್ತಲಲ್ಲಿ, ಭಯದಿಂದ ನಡುಗುವ ಇಬ್ಬರು ವಯಸ್ಸಾದವರು ಮಾಡುವ ಯುದ್ಧ. ಮೊದಲ ಪುಸ್ತಕದಲ್ಲಿ ಪೆಂಡರ್ ದ್ವೀಪದ ಡ್ರ್ಯಾಗನ್ ಎದುರು ಗೆಡ್ ನಿಂತಾಗ ನನಗೆ ಭಯವಾಗಿರಲಿಲ್ಲ. ಅವನು ಗೆಲ್ಲುತ್ತಾನೆ ಅಂತ ಗೊತ್ತಿತ್ತು. ಈ ಕವೆಗೋಲಿನ ರಾತ್ರಿ ನನಗೆ ನಿಜವಾಗಿ ಭಯವಾಯಿತು.

ಪಾತ್ರೆಯ ವಿಷಯಕ್ಕೂ ಬರಬೇಕು. ನಿಮ್ಮ ಪತ್ರದಲ್ಲಿ ಅದೇ ಜಾಸ್ತಿ ಚುಚ್ಚಿದಂತಿದೆ. ಟೆನಾರ್‌ನ ಮಗ ಸ್ಪಾರ್ಕ್ ಎಷ್ಟೋ ಕಾಲದ ಮೇಲೆ ಹಡಗಿನಿಂದ ಮನೆಗೆ ಬರುತ್ತಾನೆ. ಹೊಲ ತನ್ನದು ಅನ್ನುತ್ತಾನೆ. ಊಟವಾದ ಮೇಲೆ ಪಾತ್ರೆ ತೊಳೆಯುವ ಮಾತು ಬಂದರೆ ಅದು ಹೆಂಗಸರ ಕೆಲಸ ಅನ್ನುತ್ತಾನೆ. ಈ ಅಡುಗೆಮನೆಯಲ್ಲಿ ಉಂಡವರೆಲ್ಲರ ಕೆಲಸ ಅಂತ ಉತ್ತರ ಬರುತ್ತದೆ. ನನ್ನದಲ್ಲ ಅಂತ ಎದ್ದುಹೋಗುತ್ತಾನೆ. ಪಾತ್ರೆಗೆ ಕೈ ಹಾಕುವವನು ಯಾರು? ಒಂದು ಕಾಲದಲ್ಲಿ ಲೋಕದ ಮಾಂತ್ರಿಕರಿಗೆಲ್ಲ ಹಿರಿಯನಾಗಿದ್ದ ಗೆಡ್. ಇಡೀ ಸರಣಿಯಲ್ಲಿ ‘ಸಮತೋಲ’ ಅನ್ನುವ ಮಾತು ಎಷ್ಟು ಸಲ ಬರುತ್ತದೆ ನಿಮಗೆ ಗೊತ್ತು. ರೋಕ್‌ನ ಗುರುಗಳು ಅದರ ಬಗ್ಗೆ ಪಾಠವನ್ನೇ ಮಾಡುತ್ತಾರೆ. ಒಂದು ಮನೆಯೊಳಗೆ ಆ ಸಮತೋಲ ಹೇಗಿರುತ್ತದೆ ಅಂತ ಒಂದು ಬಟ್ಟಲು, ಒಂದು ಸಿಂಕ್ ಇಟ್ಟು ತೋರಿಸಿದ್ದು ಈ ಪುಟದಲ್ಲಿ. ಟೆನಾರ್‌ಗೆ ಅಲ್ಲಿ ಆಗುವ ನೋವು ಕೂಡ ಗಮನಿಸಿ. ಅವಳು ಮಗನ ಮೇಲೆ ಮಾತ್ರ ಸಿಟ್ಟಾಗುವುದಿಲ್ಲ. ಅವನನ್ನು ಹೀಗೆ ಬೆಳೆಸಿದ್ದು ತಾನೇ ಅಂತ ಕೊರಗುತ್ತಾಳೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಪುಸ್ತಕದಲ್ಲಿ ಕುಂದೇ ಇಲ್ಲ ಅಂತ ಅಲ್ಲ. ‘ತೆಹಾನು’ ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಪಡೆದ ಕಾದಂಬರಿ. ಪ್ರಶಸ್ತಿ ಬಂತು ಅಂತ ನೀವು ಮೆಚ್ಚಬೇಕಿಲ್ಲ. ನನ್ನ ಎರಡು ತಕರಾರು ಹೇಳುತ್ತೇನೆ. ಒಂದು, ಆಸ್ಪೆನ್ ಎಂಬ ಮಾಂತ್ರಿಕ. ಹೆಂಗಸರೆಂದರೆ ಅವನಿಗೆ ದ್ವೇಷ. ಅದನ್ನು ಬಿಟ್ಟರೆ ಅವನಲ್ಲಿ ಬೇರೇನೂ ಇಲ್ಲ. ಮೊದಲ ಪುಸ್ತಕದ ನೆರಳು, ಮೂರನೆಯದರಲ್ಲಿ ಆ ಬಿರುಕು ತೆರೆದ ಮಾಂತ್ರಿಕ ಕಾಬ್, ಇವರೆಲ್ಲ ಕೆಟ್ಟದ್ದರ ಒಳಗೂ ನಮಗೆ ಗುರುತಾಗುವ ಆಸೆ, ಭಯ ಇದ್ದವರು. ಕಾಬ್ ಸಾವಿಗೆ ಹೆದರಿ ಹಾಗಾದ. ಆಸ್ಪೆನ್ ಯಾಕೆ ಹಾಗಾದ ಅಂತ ತಿಳಿಯುವಷ್ಟು ಅವನ ಹತ್ತಿರ ಪುಸ್ತಕ ಹೋಗುವುದೇ ಇಲ್ಲ. ಇನ್ನೊಂದು, ಕೊನೆ. ಥೆರು ಡ್ರ್ಯಾಗನ್‌ಅನ್ನು ಕರೆಯುವುದು, ಅದು ಬಂದು ಎಲ್ಲವನ್ನೂ ಮುಗಿಸುವುದು, ಅವಳ ನಿಜನಾಮ ಗೊತ್ತಾಗುವುದು, ಎಲ್ಲ ಕೆಲವೇ ಪುಟಗಳಲ್ಲಿ ಆಗಿಹೋಗುತ್ತದೆ. ಅಷ್ಟು ನಿಧಾನವಾಗಿ, ಒಂದೊಂದು ದಿನವಾಗಿ ನಡೆದ ಕಥೆ ಕೊನೆಗೆ ಓಡುತ್ತದೆ. ಈ ಎರಡು ಜಾಗದಲ್ಲಿ ನಿಮ್ಮ ಬೇಜಾರಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಸರಣಿಯ ಮುಂದಿನ ಭಾಗ ನಿರಾಸೆ ಮಾಡುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಎಲ್ಲವೂ ಹೀಗೆ ಆಳದ್ದಲ್ಲ. ಜಾರ್ಜ್ ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ನಾಲ್ಕನೆಯ ಪುಸ್ತಕ 2005ರಲ್ಲಿ ಬಂದಾಗ ಮುಖ್ಯ ಪಾತ್ರಗಳಾದ ಜಾನ್, ಡೆನೇರಿಸ್, ಟಿರಿಯನ್ ಇವರ ಅಧ್ಯಾಯಗಳೇ ಇರಲಿಲ್ಲ. ಕಥೆ ಒಂದು ಪುಸ್ತಕದಲ್ಲಿ ಹಿಡಿಸದಷ್ಟು ಬೆಳೆದಿತ್ತು. ಅದನ್ನು ಪಾತ್ರ ಮತ್ತು ಜಾಗದ ಲೆಕ್ಕದಲ್ಲಿ ಎರಡು ಭಾಗ ಮಾಡಿದರು. ಉಳಿದರ್ಧ ಬಂದದ್ದು 2011ರಲ್ಲಿ. ಅಲ್ಲಿನ ಬೇಜಾರು ಬಹುಮಟ್ಟಿಗೆ ಕಾಯುವಿಕೆಯದ್ದು. ಎರಡನ್ನೂ ಒಟ್ಟಿಗೆ ಓದುವವರಿಗೆ ಅದು ಎಷ್ಟೋ ಕಡಿಮೆ. ‘ತೆಹಾನು’ವಿನ ಬೇಜಾರು ಹಾಗೆ ಹೋಗುವಂಥದ್ದಲ್ಲ.

ಲೆ ಗ್ವಿನ್ ಅವರಿಗೂ ಈ ಪುಸ್ತಕ ಸುಲಭಕ್ಕೆ ಬರಲಿಲ್ಲ. ಎಪ್ಪತ್ತರ ದಶಕದಲ್ಲೇ ನಾಲ್ಕನೆಯದನ್ನು ಬರೆಯಲು ಕೂತು ಬಿಟ್ಟಿದ್ದರು. ಟೆನಾರ್ ಏನಾಗಿದ್ದಾಳೆ ಅಂತ ಅವರಿಗೇ ಆಗ ಕಾಣಲಿಲ್ಲ. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ, ಮೊದಲ ಪುಸ್ತಕಗಳನ್ನು ತಾನು ಗಂಡು ನಾಯಕರ ಪರಂಪರೆಯ ಒಳಗೇ ನಿಂತು ಬರೆದಿದ್ದೆ, ಈ ಸಲ ಅದೇ ಲೋಕವನ್ನು ಹೆಂಗಸಿನ ಕಣ್ಣಿನಿಂದ ನೋಡಿದೆ ಅನ್ನುವುದನ್ನು ವಿವರವಾಗಿ ಹೇಳಿದರು. ಹಳೆಯದನ್ನು ಅವರು ಅಳಿಸಲಿಲ್ಲ. ಗೆಡ್ ಸುಳ್ಳು ವೀರ ಅಂತ ಎಲ್ಲೂ ಹೇಳಲಿಲ್ಲ. ನನಗೆ ಇದು ಮುಖ್ಯ. ಹಳೆಯ ಓದುಗರನ್ನು ಹಂಗಿಸಲು ಬರೆದ ಮುಂದಿನ ಭಾಗಗಳನ್ನು ನಾನು ಓದಿದ್ದೇನೆ, ಅವು ನನಗೆ ಹಿಡಿಸುವುದಿಲ್ಲ. ಇಲ್ಲಿ ಹಂಗಣೆ ಇಲ್ಲ. ಗೆಡ್‌ನ ಮೇಲೆ ಟೆನಾರ್‌ಗೆ ಎಷ್ಟು ಪ್ರೀತಿಯಿದೆಯೋ ಬರೆದವರಿಗೂ ಅಷ್ಟೇ ಇದೆ.

ಇನ್ನು ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.

ಒಂದೆರಡು ತಿಂಗಳು ಬೇರೆ ಏನಾದರೂ ಓದಿ. ಆಮೇಲೆ ಎರಡನೇ ಪುಸ್ತಕಕ್ಕೆ, ‘ದಿ ಟೂಂಬ್ಸ್ ಆಫ್ ಅಟುವಾನ್’ಗೆ ವಾಪಸ್ ಹೋಗಿ. ಅದರಲ್ಲಿ ಗೆಡ್ ಕಾಣಿಸಿಕೊಳ್ಳುವುದೇ ಸುಮಾರು ಅರ್ಧ ಕಥೆ ಆದ ಮೇಲೆ, ಅಲ್ವಾ? ಆಗ ನಿಮಗೆ ಬೇಜಾರಾಗಿರಲಿಲ್ಲ. ಅವನು ಬರುವವರೆಗೂ ನೀವು ಟೆನಾರ್‌ನ ಕಣ್ಣಿನಿಂದಲೇ ಆ ಕತ್ತಲನ್ನು ನೋಡಿದ್ದಿರಿ. ಅದನ್ನು ಮುಗಿಸಿದ ಕೂಡಲೇ ಮೂರನೆಯದನ್ನು ಬಿಟ್ಟು ನೇರವಾಗಿ ‘ತೆಹಾನು’ಗೆ ಬನ್ನಿ. ಟೆನಾರ್‌ನ ಕಥೆಯ ಮುಂದಿನ ಭಾಗವಾಗಿ ಓದಿ. ಗೆಡ್‌ನ ಕಥೆಯ ನಾಲ್ಕನೇ ಭಾಗ ಅಂತ ಓದಿದಾಗ ಸಿಗದಿದ್ದದ್ದು ಈಗ ಸಿಗುತ್ತದೆ. ನಾನು ಕೆಲವು ಗೆಳೆಯರಿಗೆ ಹೀಗೆ ಓದಿಸಿದ್ದೇನೆ, ಬಹಳ ಜನಕ್ಕೆ ಹೊಂದಿಕೆಯಾಗಿದೆ.

‘ತೆಹಾನು’ ಪುಸ್ತಕದ ಮೇಲೆ ಇದು ಅರ್ಥ್‌ಸೀಯ ಕೊನೆಯ ಪುಸ್ತಕ ಅಂತಲೇ ಅಚ್ಚು ಹಾಕಿಸಿದ್ದರು. ಆದರೆ 2001ರಲ್ಲಿ ಇನ್ನೆರಡು ಬಂದವು, ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಅನ್ನುವ ಕಥಾಸಂಕಲನ ಮತ್ತು ‘ದಿ ಅದರ್ ವಿಂಡ್’ ಕಾದಂಬರಿ. ಸಂಕಲನವನ್ನು ಬಿಟ್ಟು ಕಾದಂಬರಿಗೆ ಹಾರಬೇಡಿ. ಸಂಕಲನದ ಕೊನೆಯ ಕಥೆ ‘ಡ್ರ್ಯಾಗನ್‌ಫ್ಲೈ’, ‘ತೆಹಾನು’ಗೂ ‘ದಿ ಅದರ್ ವಿಂಡ್’ಗೂ ನಡುವಿನ ಸೇತುವೆ. ರೋಕ್ ಶಾಲೆಯ ಬಾಗಿಲಿಗೆ ಒಬ್ಬಳು ಹುಡುಗಿ ಬರುವ ಕಥೆ ಅದು. ನಿಮಗೆ ಬೇಕಾದ ದೊಡ್ಡ ಮಾಂತ್ರಿಕರು, ದೊಡ್ಡ ಪ್ರಶ್ನೆಗಳು, ಡ್ರ್ಯಾಗನ್‌ಗಳು ‘ದಿ ಅದರ್ ವಿಂಡ್’ನಲ್ಲಿ ಮತ್ತೆ ಬರುತ್ತವೆ. ಸತ್ತವರ ನಾಡಿನ ಆ ಕಲ್ಲುಗೋಡೆಯೂ ಬರುತ್ತದೆ. ಮೂರನೇ ಪುಸ್ತಕ ಓದಿದಾಗ ಆ ನಾಡು ಯಾಕೆ ಅಷ್ಟು ಒಣಗಿದೆ ಅಂತ ನಿಮಗೆ ಅನ್ನಿಸಿರಬಹುದು. ಅದಕ್ಕೂ ಅಲ್ಲಿ ಉತ್ತರವಿದೆ. ಅದನ್ನು ನಾನು ಹೇಳುವುದಿಲ್ಲ.

ಎರಡನೇ ಸಲ ‘ತೆಹಾನು’ ಓದುವಾಗ ಒಂದು ಜಾಗದಲ್ಲಿ ನಿಧಾನ ಮಾಡಿ. ಟೆನಾರ್ ಊರಿನ ಮುದುಕ ನೇಕಾರನ ಮನೆಗೆ ಹೋಗುತ್ತಾಳೆ. ಅವನ ಹತ್ತಿರ ಒಂದು ಹಳೆಯ ಬೀಸಣಿಗೆ ಇದೆ. ಒಂದು ಪಕ್ಕದಲ್ಲಿ ಹ್ಯಾವ್‌ನರ್‌ನ ಗಂಡಸರು ಹೆಂಗಸರು, ಬಣ್ಣದ ಬಟ್ಟೆ, ಪಟ್ಟಣ. ಮಗುಚಿದರೆ ಡ್ರ್ಯಾಗನ್‌ಗಳು. ಆಮೇಲೆ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಎರಡೂ ಪಕ್ಕದ ಚಿತ್ರ ಒಂದಾಗುತ್ತದೆ. ಮನುಷ್ಯರಿಗೆ ರೆಕ್ಕೆ ಇದೆ, ಡ್ರ್ಯಾಗನ್‌ಗಳಿಗೆ ಮನುಷ್ಯರ ಕಣ್ಣಿದೆ. ಒಂದು ಪುಟದ ದೃಶ್ಯ. ಮೊದಲ ಸಲ ಓದಿದಾಗ ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ, ಆ ಪುಟದಲ್ಲೂ ನಾನು ಗೆಡ್ ಎಲ್ಲಿ ಅಂತಲೇ ನೋಡುತ್ತಿದ್ದೆ.